ಸೆಲ್ಫ್ ತಗೊಳ್ಳುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ: ಬಾನೆಟ್ ಎತ್ತಿದ ಮೇಲೆ ಎಲ್ಲಿಂದ ಶುರು ಮಾಡಬೇಕು

ಹೋದ ವರ್ಷ ಪುಷ್ಯ ಮಳೆ ಹಿಡಿದಿದ್ದ ವಾರ. ಆಲ್ದೂರಿನ ಹತ್ತಿರ ನಮ್ಮ ಮನೆ, ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಪ್ಪನ ಕಾಲದ ಮಾರುತಿ 800, 1994ರದ್ದು. ಬೆಳಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಗಟ್ಟಿಯಾಗಿಯೇ ತಿರುಗುತ್ತಿತ್ತು, ಎಂಜಿನ್ ಹಿಡಿಯಲಿಲ್ಲ. ಮೊದಲ ದಿನ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್ ಹೊಸದು ಹಾಕಿದೆ. ಎರಡನೇ ದಿನ ಚಿಕ್ಕಮಗಳೂರಿಗೆ ಬಸ್ಸಲ್ಲಿ ಹೋಗಿ ಕಾಯಿಲ್ (ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ಏರಿಸುವುದು) ತಂದೆ. ಮೂರನೇ ದಿನ ಪೇಟೆಯಿಂದ ಬಂದ ಮೆಕ್ಯಾನಿಕ್ ಒಬ್ಬರು ಎಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕೊಡುವ ಪಂಪ್) ಬದಲಾಯಿಸಿ ದುಡ್ಡು ತಗೊಂಡು ಹೋದರು, ಗಾಡಿ ಅಲ್ಲೇ ಇತ್ತು. ಕೊನೆಗೆ ಸಿಕ್ಕ ದೋಷ ಏನು ಅಂದರೆ, ಕರೆಂಟನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪಿನ ಒಳಗೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ. ಅಷ್ಟೇ. ಕ್ಯಾಪಿನ ಬೆಲೆ ನಾನು ಅಷ್ಟರಲ್ಲಿ ಸುರಿದ ದುಡ್ಡಿನ ಹತ್ತರಲ್ಲೊಂದು ಪಾಲೂ ಇರಲಿಲ್ಲ.

ಆವತ್ತಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ಲಗ್ಗಿಗೆ ಕರೆಂಟು ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ ಅಂತ ಕಣ್ಣಾರೆ ನೋಡುವ ತನಕ ಒಂದು ನಟ್ಟನ್ನೂ ಕೊಳ್ಳುವುದಿಲ್ಲ. ಕೆಳಗೆ ಬರೆದಿರುವುದು ಆ ಎರಡನ್ನು ಮನೆಯಲ್ಲೇ ನೋಡುವ ದಾರಿ. ಹೆಚ್ಚಾಗಿ ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವುದು) ಇರುವ ಗಾಡಿಗಳಿಗೆ: ಹಳೇ 800, ಆಮ್ನಿ, ಅಂಬಾಸಿಡರ್, ಪದ್ಮಿನಿ. ಎಂಪಿಎಫ್‌ಐ ಗಾಡಿಗೆ, ಅಂದರೆ ಕಾರ್ಬೋರೇಟರ್ ಬದಲು ಕಂಪ್ಯೂಟರ್ ಹೇಳಿದ ಹಾಗೆ ಇಂಜೆಕ್ಟರ್ ಪೆಟ್ರೋಲ್ ಬಿಡುವ ಗಾಡಿಗೆ, ಬೇರೆ ಒಂದು ಭಾಗ ಇದೆ, ಮುಂದೆ ಬರುತ್ತದೆ.

ಬಾನೆಟ್ ಎತ್ತುವ ಮೊದಲು

ಒಂದು ನಿಮಿಷ ಸುಮ್ನೆ ಯೋಚನೆ ಮಾಡಿ. ನಿನ್ನೆ ಗಾಡಿ ಹೇಗೆ ನಿಂತಿತು? ಓಡುತ್ತಿದ್ದಾಗ ಸ್ವಿಚ್ ಆಫ್ ಮಾಡಿದ ಹಾಗೆ ಟಪ್ ಅಂತ ನಿಂತಿದ್ದರೆ ಹೆಚ್ಚಾಗಿ ಕರೆಂಟಿನ ಕಡೆ, ಇಲ್ಲವೇ ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಯಿಸುವ ಟೈಮಿಂಗ್ ಬೆಲ್ಟ್. ಎಳೆದೂ ಎಳೆದೂ, ಮುಗ್ಗರಿಸಿ, ಆಮೇಲೆ ನಿಂತಿದ್ದರೆ ಪೆಟ್ರೋಲ್ ಕಡೆ. ರಾತ್ರಿ ಚೆನ್ನಾಗಿ ಬಂದು ಬೆಳಗ್ಗೆ ಹಿಡಿಯದಿದ್ದರೆ, ಅದೂ ಮಳೆಗಾಲದಲ್ಲಿ, ಮೊದಲ ಅನುಮಾನ ತಂಡಿಯ ಮೇಲೆ. ಎರಡು ತಿಂಗಳು ನಿಂತೇ ಇದ್ದ ಗಾಡಿಯಾದರೆ ಹಳಸಿದ ಪೆಟ್ರೋಲ್, ತುಕ್ಕು ಹಿಡಿದ ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಾಯಿಲ್ಲಿನ ಕರೆಂಟು ಕಡಿಯುವ ಸ್ವಿಚ್), ಮತ್ತೆ ಇಲಿ.

ಟ್ಯಾಂಕಲ್ಲಿ ಪೆಟ್ರೋಲ್ ಇದೆಯಾ ಅಂತಲೂ ನೋಡಿ. ನಗಬೇಡಿ. ಹಳೇ ಗಾಡಿಯ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಾ ಕೂತಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಗಾಡಿಯನ್ನು ಅಲುಗಾಡಿಸಿ ಟ್ಯಾಂಕಿನ ಹತ್ತಿರ ಕಿವಿ ಇಟ್ಟರೆ ಗೊತ್ತಾಗುತ್ತದೆ.

ಇನ್ನೊಂದು, ತಳ್ಳುವ ವಿಷಯ. ಗಾಡಿ ನಿಂತ ತಕ್ಷಣ ನಾಲ್ಕು ಜನ ಸೇರಿ "ತಳ್ಳಿ ಮಾರಾಯ್ರೆ, ಆಗುತ್ತೆ" ಅನ್ನುತ್ತಾರೆ. ತಳ್ಳುವುದು ಎಂಜಿನ್ ತಿರುಗಿಸಲಿಕ್ಕೆ ತಾನೇ? ಅದನ್ನು ಸೆಲ್ಫ್ ಆಗಲೇ ಮಾಡುತ್ತಿದೆ. ಹಾಗಾಗಿ ತಳ್ಳಿ ಉಪಯೋಗ ಆಗುವುದು ಒಂದೇ ಸಂದರ್ಭದಲ್ಲಿ: ಬ್ಯಾಟರಿ ಇಳಿದು ಸೆಲ್ಫ್ ಎಳೆಯುವಾಗ ಕಾಯಿಲ್ಲಿಗೆ ಸಾಕಷ್ಟು ಕರೆಂಟು ಉಳಿಯದೇ ಹೋದಾಗ. ಟೈಮಿಂಗ್ ಬೆಲ್ಟ್ ಕಟ್ಟಾಗಿದ್ದರೆ ತಳ್ಳಿ ಇನ್ನಷ್ಟು ಕೆಡಿಸಿಕೊಳ್ಳುತ್ತೀರಿ.

ಆ ಬ್ಯಾಟರಿ ವಿಷಯ ಇಲ್ಲೇ ಮುಗಿಸಿಬಿಡೋಣ. ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ಪೂರಾ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್ ಅಂತ ತಿಳಿಯಿರಿ. ಮಲ್ಟಿಮೀಟರ್ ಇದ್ದರೆ ನಿಂತಾಗ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಟರ್ಮಿನಲ್ ಮೇಲೆ ಬಿಳಿ, ಹಸಿರು ಹೂವು ಕಟ್ಟಿದ್ದರೆ ಬಿಸಿನೀರು ಸುರಿದು ಉಜ್ಜಿ, ಎಂಜಿನ್ನಿಗೂ ಬಾಡಿಗೂ ಹೋಗುವ ಅರ್ತ್ ವೈರನ್ನೂ ಕಳಚಿ ಕೆರೆದು ಬಿಗಿ ಮಾಡಿ. ಮತ್ತೆ ಒಂದೇ ಸಮ ಸೆಲ್ಫ್ ಹೊಡೆಯಬೇಡಿ. ಹತ್ತು ಸೆಕೆಂಡ್ ಹೊಡೆದರೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಒಂದು ರೋಗ ಹುಡುಕಲು ಹೋಗಿ ಸೆಲ್ಫ್ ಮೋಟಾರನ್ನೂ ಸುಟ್ಟುಕೊಳ್ಳುತ್ತೀರಿ.

ಮೂಗು, ಆಮೇಲೆ ಪ್ಲಗ್

ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಪೆಟ್ರೋಲ್ ವಾಸನೆ ಘಮ್ ಅಂತ ಹೊಡೆಯುತ್ತಿದ್ದರೆ ಓವರ್‌ಫ್ಲೋ ಆಗಿದೆ, ಅಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಹೆಚ್ಚಾಗಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಒಂದೇ ಸಲ ಪೂರಾ ತುಳಿದು ಹಾಗೇ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬೇಡಿ. ಪ್ರತಿ ತುಳಿತಕ್ಕೂ ಕಾರ್ಬೋರೇಟರ್ ಇನ್ನೊಂದು ಚಿಮ್ಮು ಪೆಟ್ರೋಲ್ ಒಳಗೆ ಬಿಡುತ್ತದೆ, ಓವರ್‌ಫ್ಲೋ ಇನ್ನೂ ಜಾಸ್ತಿ ಆಗುತ್ತದೆ. ಎರಡು ಸಲಕ್ಕೆ ಹಿಡಿಯದಿದ್ದರೆ ಕಾಲು ಗಂಟೆ ಬಾನೆಟ್ ಎತ್ತಿ ಬಿಟ್ಟು ಕಾಫಿ ಕುಡಿದು ಬನ್ನಿ.

ಆಮೇಲೆ ಒಂದು ಪ್ಲಗ್ ಬಿಚ್ಚಿ. ತುದಿ ಒದ್ದೆಯಾಗಿ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕರೆಂಟು ಅನುಮಾನ. ಒಣಕಲಾಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಅರ್ಧ ಉತ್ತರ ಇಷ್ಟರಲ್ಲೇ ಸಿಕ್ಕಿತು, ಒಂದು ರೂಪಾಯಿ ಖರ್ಚಿಲ್ಲದೆ. ಒದ್ದೆ ಪ್ಲಗ್ಗನ್ನು ಒರೆಸಿ ಒಣಗಿಸಿ, ತುದಿಯ ಸಂದು 0.7ರಿಂದ 0.8 ಮಿಲಿಮೀಟರ್ ಇದೆಯಾ ನೋಡಿ.

ಈಗ ಕರೆಂಟಿನ ಪರೀಕ್ಷೆ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಪೆಟ್ರೋಲ್ ಚೆಲ್ಲಿದ್ದರೆ ಅದು ಆರುವ ತನಕ ಕಾಯಿರಿ, ಇದು ತಮಾಷೆಯಲ್ಲ, ಕಿಡಿ ಹಾರಿಸುವ ಕೆಲಸ. ಬಿಚ್ಚಿದ ಪ್ಲಗ್ಗನ್ನು ಅದರ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣ ಇಲ್ಲದ ಜಾಗಕ್ಕೆ ತಾಗುವ ಹಾಗೆ ಇಡಿ, ಪ್ಲಗ್ ಬಿಚ್ಚಿದ ತೂತಿನಿಂದ ದೂರ. ಕೈಯಲ್ಲಿ ಹಿಡಿಯಬೇಡಿ, ರಬ್ಬರ್ ಹಿಡಿಯ ಇಕ್ಕಳ ಬಳಸಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ನಿಲ್ಲುವುದೇ ಬೇಡ. ನಮ್ಮ ಮನೆಯಲ್ಲಿ ಕೀ ತಿರುಗಿಸುವ ಡ್ಯೂಟಿ ಮಗಳದ್ದು, "ಹ್ಞೂಂ" ಅಂದಾಗ ಹೊಡೆಯಬೇಕು, "ಸಾಕು" ಅಂದಾಗ ಬಿಡಬೇಕು. ನೀಲಿ ಬಣ್ಣದ ದಪ್ಪ ಕಿಡಿ ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ಬಂದರೆ ಕರೆಂಟು ಸರಿ ಇದೆ. ಹಳದಿ, ಸಣಕಲು ಕಿಡಿ ಬಂದರೆ ಇದ್ದೂ ಇಲ್ಲದ ಹಾಗೆ, ಯಾಕೆಂದರೆ ಹೊರಗೆ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರಲ್ಲ.

ಕರೆಂಟು ಇಲ್ಲದಿದ್ದರೆ

ಮಲೆನಾಡಿನಲ್ಲಿ ಜಾಸ್ತಿ ಕಾಡುವುದು ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಕಾಯಿಲ್ಲಿನಿಂದ ಡಿಸ್ಟ್ರಿಬ್ಯೂಟರಿನ ನಡುವಿಗೆ ಹೋಗುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ಕಿತ್ತು, ತುದಿಯನ್ನು ಎಂಜಿನ್ ಲೋಹದಿಂದ ಐದಾರು ಮಿಲಿಮೀಟರ್ ದೂರದಲ್ಲಿ ಇಕ್ಕಳದಿಂದ ಹಿಡಿದು ಸೆಲ್ಫ್ ಹೊಡೆಸಿ. ಇಲ್ಲಿ ಗಟ್ಟಿ ಕಿಡಿ ಬಂದು ಪ್ಲಗ್ಗಿನಲ್ಲಿ ಬರದಿದ್ದರೆ ಕಳ್ಳ ಮಧ್ಯದಲ್ಲಿದ್ದಾನೆ: ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಪ್ಲಗ್ ವೈರ್. ಇಲ್ಲಿಯೇ ಕಿಡಿ ಇಲ್ಲದಿದ್ದರೆ ಕಾಯಿಲ್, ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಅಥವಾ ಅವಕ್ಕೆ ಬರುವ ವೈರ್. ನಾನು ಆ ಮೂರು ದಿನ ಈ ಒಂದು ಪರೀಕ್ಷೆ ಮಾಡಿದ್ದರೆ ಕಾಯಿಲ್ ಕೊಳ್ಳುತ್ತಿರಲಿಲ್ಲ.

ಕ್ಯಾಪ್ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ, ಯಾವ ವೈರ್ ಎಲ್ಲಿತ್ತು ಅಂತ. ಮಾರುತಿ 800ರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ, 1-3-2. ಎರಡು ವೈರ್ ಅದಲು ಬದಲಾದರೆ ಸಾಕು, ಕಾರ್ಬೋರೇಟರಿನಲ್ಲಿ ಢಮ್ ಅನ್ನುತ್ತದೆ, ಸ್ಟಾರ್ಟ್ ಆಗಲ್ಲ. ಕ್ಯಾಪಿನ ಒಳಗೆ ತಂಡಿಯ ಹನಿ ಇದೆಯಾ ನೋಡಿ. ಒಣ ಬಟ್ಟೆಯಲ್ಲಿ ಒರೆಸಿ, ಒಲೆಯ ಹತ್ತಿರ ಹಿಡಿದು ಬೆಚ್ಚಗೆ ಮಾಡಿ ಹಾಕಿದರೆ ಅರ್ಧಕ್ಕರ್ಧ ಮಳೆಗಾಲದ ಕೇಸು ಅಲ್ಲೇ ಮುಗಿಯುತ್ತದೆ. ಬೆಂಕಿಯ ಮೇಲೆ ಇಡಬೇಡಿ, ಸೊಟ್ಟಗಾಗುತ್ತದೆ. ಕಪ್ಪು ಗೆರೆ ಕಾಣಿಸಿದರೆ ಉಗುರಿನಲ್ಲಿ ಕೆರೆದು ನೋಡಿ. ಹೋಗಲಿಲ್ಲ ಅಂದರೆ ಅದು ಕರೆಂಟು ಓಡಿ ಓಡಿ ಸುಟ್ಟ ದಾರಿ, ಕ್ಯಾಪ್ ಬದಲಾಯಿಸಲೇಬೇಕು. ನಡುವಿನ ಸಣ್ಣ ಕಾರ್ಬನ್ ಕಡ್ಡಿ ಸವೆದಿದೆಯಾ, ರೋಟರಿನ ತುದಿ ಸುಟ್ಟಿದೆಯಾ ಅಂತಲೂ ನೋಡಿಬಿಡಿ.

ವೈರುಗಳಿಗೆ ಒಂದು ಒಳ್ಳೆ ಉಪಾಯ ಇದೆ. ಕತ್ತಲಾದ ಮೇಲೆ ಶೆಡ್ಡಿನ ಲೈಟೆಲ್ಲ ಆರಿಸಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿ. ವೈರು ಸೋರುತ್ತಿದ್ದರೆ ಅದರ ಮೈಮೇಲೆ ನೀಲಿ ಎಳೆಗಳು ಹರಿದಾಡುವುದು ಕಾಣುತ್ತದೆ, ಸಣ್ಣಗೆ ಚಟಪಟ ಅನ್ನುತ್ತದೆ. ನನಗೆ ಮೊದಲ ಸಲ ನೋಡಿದಾಗ ಮಿಂಚುಹುಳ ಅನಿಸಿತ್ತು.

ಕ್ಯಾಪ್ ಬಿಚ್ಚಿರುವಾಗಲೇ ಇನ್ನೊಂದು ನೋಡಿಕೊಳ್ಳಿ, ತುಂಬಾ ಜನ ಬಿಡುವುದು ಇದನ್ನೇ. ಸೆಲ್ಫ್ ಹೊಡೆದಾಗ ರೋಟರ್ ತಿರುಗುತ್ತಿದೆಯಾ? 800ರಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ರೋಟರ್ ಅಲ್ಲಾಡದೇ ನಿಂತಿದ್ದರೆ ಬೆಲ್ಟ್ ಹೋಗಿದೆ ಅಂತ ಹೆಚ್ಚು ಕಡಿಮೆ ಖಾತ್ರಿ. ಆಗ ಸೆಲ್ಫ್ ಸದ್ದೂ ಬೇರೆ ಇರುತ್ತದೆ, ಯಾವಾಗಲೂ ಕೇಳುವ "ರವ್ವ ರವ್ವ" ಇಲ್ಲದೆ ಗುಂಯ್ ಅಂತ ಹಗುರಾಗಿ ಒಂದೇ ಸಮ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಸಲವೂ ಕೀ ತಿರುಗಿಸಬೇಡಿ, ಟೋ ಮಾಡಿಸಿ.

ಕಾಯಿಲ್ಲಿನಲ್ಲೇ ಕಿಡಿ ಇಲ್ಲದಿದ್ದರೆ ಒಂದು ಟೆಸ್ಟ್ ಲ್ಯಾಂಪ್ ಬೇಕು. ಹಳೇ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದರೆ ಆಯಿತು. ಒಂದು ತುದಿ ಅರ್ತಿಗೆ, ಇನ್ನೊಂದು ಕಾಯಿಲ್ಲಿನ ಪ್ಲಸ್‌ಗೆ; ಕೀ ಆನ್ ಮಾಡಿದಾಗ ಉರಿಯಬೇಕು. ಉರಿಯದಿದ್ದರೆ ಇಗ್ನಿಷನ್ ಸ್ವಿಚ್, ಫ್ಯೂಸ್, ಇಲ್ಲವೇ ಇಲಿ ಕಡಿದ ವೈರ್. ಆಮೇಲೆ ಮೈನಸ್ ಕಡೆಗೆ ಹಿಡಿದು ಸೆಲ್ಫ್ ಹೊಡೆಸಿ, ಬಲ್ಬು ಮಿಣುಕಬೇಕು. ಮಿಣುಕದೆ ಒಂದೇ ಸಮ ಉರಿದರೆ ಅಥವಾ ಉರಿಯದೇ ಇದ್ದರೆ ಪಾಯಿಂಟ್ ಕೆಲಸ ಮಾಡುತ್ತಿಲ್ಲ. ಪಾಯಿಂಟಿನ ಮುಖವನ್ನು ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ, ಒರೆಸಿ, ಪೂರಾ ತೆರೆದಾಗ ಸಂದು ಸುಮಾರು 0.4 ಮಿಲಿಮೀಟರ್ ಇಡಿ. ಪದೇ ಪದೇ ಪಾಯಿಂಟ್ ಸುಟ್ಟು ಹೋಗುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ.

ಒಂದು ವಿಚಿತ್ರ ಕೇಸೂ ಇದೆ: ಸೆಲ್ಫ್ ಹೊಡೆಯುವಾಗ ಎಂಜಿನ್ ಹಿಡಿಯುತ್ತದೆ, ಕೀ ಬಿಟ್ಟ ಕ್ಷಣಕ್ಕೆ ನಿಲ್ಲುತ್ತದೆ. ಇದು ಇಗ್ನಿಷನ್ ಸ್ವಿಚ್, ಇಲ್ಲವೇ ಕಾಯಿಲ್ ಪಕ್ಕದಲ್ಲಿ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್ಲಿಗೆ ಹೋಗುವ ಕರೆಂಟು ತಗ್ಗಿಸುವುದು) ಇದ್ದರೆ ಅದು. ಬೇರೆ ಏನನ್ನೂ ಮುಟ್ಟಬೇಡಿ.

ಇಲಿಯ ಬಗ್ಗೆ ಒಂದು ಮಾತು. ತೋಟದ ಮನೆಯ ಶೆಡ್ಡಿನಲ್ಲಿ ಬೆಚ್ಚಗಿನ ಎಂಜಿನ್ ಅಂದರೆ ಅವಕ್ಕೆ ಲಾಡ್ಜ್ ಇದ್ದ ಹಾಗೆ. ಒಂದು ಸಲ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಸಿಲ್ವರ್ ಓಕ್ ಎಲೆ ತುಂಬಿ, ಗೋಣಿಚೀಲದ ನಾರು ಹಾಸಿ, ನಾಲ್ಕು ಮರಿ ಹಾಕಿತ್ತು. ಗಾಳಿಯೇ ಹೋಗದ ಮೇಲೆ ಗಾಡಿ ಎಲ್ಲಿಂದ ಸ್ಟಾರ್ಟ್ ಆಗಬೇಕು ಹೇಳಿ.

ಪೆಟ್ರೋಲ್ ಬರದಿದ್ದರೆ

ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬೋರೇಟರಿನ ಬಾಯೊಳಗೆ ಟಾರ್ಚ್ ಬಿಟ್ಟು, ಎಂಜಿನ್ ತಿರುಗಿಸದೆ ಕೈಯಲ್ಲಿ ಆಕ್ಸಿಲರೇಟರ್ ಕೇಬಲ್ ಎಳೆಯಿರಿ. ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಕಾರ್ಬೋರೇಟರಿನ ತನಕ ಪೆಟ್ರೋಲ್ ಬಂದಿದೆ. ಆಮೇಲೆ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್ ಕಟ್ಟಿರಬಹುದು, ಅಥವಾ ಕೆಲವು ಕಾರ್ಬೋರೇಟರಿನಲ್ಲಿರುವ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ಕೆಟ್ಟಿರಬಹುದು. ಕೀ ಆನ್ ಮಾಡಿದಾಗ ಅದು "ಟಕ್" ಅನ್ನಬೇಕು.

ಚಿಮ್ಮದಿದ್ದರೆ ಕಾರ್ಬೋರೇಟರಿಗೆ ಬರುವ ಪೈಪ್ ಕಳಚಿ ಬಾಟಲಿಯೊಳಗೆ ಬಿಡಿ, ಕಾಯಿಲ್ಲಿನ ಮೈನಸ್ ವೈರ್ ಕಿತ್ತಿಡಿ, ಕಿಡಿ ಹಾರಬಾರದಲ್ಲ. ಸೆಲ್ಫ್ ಹೊಡೆದರೆ ತಡೆದು ತಡೆದು ಗಟ್ಟಿಯಾಗಿ ಚಿಮ್ಮಬೇಕು. ಗುಳ್ಳೆ ಗುಳ್ಳೆಯಾಗಿ ಬಂದರೆ ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪ್ ಎಲ್ಲೋ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಇಲ್ಲಿ ಪೆಟ್ರೋಲ್ ಹೊರಗೆ ಸೋರುವುದೇ ಇಲ್ಲ, ಹಾಗಾಗಿ ಕಣ್ಣಿಗೆ ಕಾಣಲ್ಲ. ಪೈಪ್ ಬಗ್ಗಿಸಿ ನೋಡಿದರೆ ಸಣ್ಣ ಸಣ್ಣ ಸೀಳು ಕಾಣಿಸುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. 1994ರ ಗಾಡಿಯ ರಬ್ಬರನ್ನು ಅದಕ್ಕೆ ಅಂತ ಮಾಡಿರಲಿಲ್ಲ. ಹಳೇ ಪೈಪ್ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ತಳದಲ್ಲಿ ನೀರು ಸೇರುತ್ತದೆ. ಬಾಟಲಿಗೆ ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ಬಿಟ್ಟು ನೋಡಿ. ಕೆಳಗೆ ಬೇರೆ ಪದರ ನಿಂತರೆ ಟ್ಯಾಂಕ್ ಖಾಲಿ ಮಾಡಿ ತೊಳೆಸಬೇಕು.

ಏನೂ ಬರದಿದ್ದರೆ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ನೋಡಿ. ಉಸ್ ಅಂತ ಗಾಳಿ ಒಳಗೆ ಎಳೆದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಆಮೇಲೆ ಫಿಲ್ಟರ್, ಆಮೇಲೆ ಎಸಿ ಪಂಪ್. ಪಂಪಿನ ಡಯಾಫ್ರಾಂ ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲ್ಲಿಗೆ ಇಳಿಯಬಹುದು. ಡಿಪ್‌ಸ್ಟಿಕ್ ಎಳೆದು ಮೂಸಿ, ಪೆಟ್ರೋಲ್ ನಾತ ಬಂದರೆ ಆಯಿಲ್ ಬದಲಾಯಿಸದೆ ಓಡಿಸಬೇಡಿ.

ಪೈಪಲ್ಲಿ ಪೆಟ್ರೋಲ್ ಇದೆ, ಕಾರ್ಬೋರೇಟರ್ ಒಳಗೆ ಇಲ್ಲ ಅಂದರೆ ಪೆಟ್ರೋಲನ್ನು ಒಳಗೆ ಬಿಡುವ ನೀಡಲ್ ಸಿಕ್ಕಿಕೊಂಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಲೋಟ್ ಚೇಂಬರ್ (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಡಬ್ಬಿ) ಮೇಲೆ ಎರಡು ಮೆಲ್ಲನೆ ಏಟು. ನಂಬಿ, ಕೆಲಸ ಮಾಡುತ್ತದೆ.

ಕಾರ್ಬೋರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದನ್ನು ಎಲ್ಲರೂ ಮಾಡುತ್ತಾರೆ. ನನ್ನ ಮಾತು ಕೇಳುವುದಾದರೆ ಬೇಡ. ಒಂದು ಬ್ಯಾಕ್‌ಫೈರ್ ಸಾಕು, ಹುಬ್ಬು ಸುಡುತ್ತದೆ, ಕೈಯಲ್ಲಿ ಬಾಟಲಿಯೂ ಇದ್ದರೆ ಅಷ್ಟಕ್ಕೇ ನಿಲ್ಲಲ್ಲ.

ಬೇಸಿಗೆಯಲ್ಲಿ ಚಾರ್ಮಾಡಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಮತ್ತೆ ಹೊರಟರೆ ಹಿಡಿಯದೇ ಇರುವುದು ಬೇರೆ ಕಥೆ. ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿ ಕಟ್ಟಿರುತ್ತದೆ. ಬಾನೆಟ್ ಎತ್ತಿ, ಪಂಪ್ ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಸೈಲೆನ್ಸರ್ ಕಡೆಗೆ ನೀರು ತಾಗಿಸದೆ ಅರ್ಧ ಗಂಟೆ ಬಿಡಿ. ನೀರುದೋಸೆ ತಿಂದು ಬರುವಷ್ಟರಲ್ಲಿ ಸರಿಹೋಗಿರುತ್ತದೆ.

ಎಂಪಿಎಫ್‌ಐ ಗಾಡಿಯಾದರೆ

ಇಲ್ಲಿ ಪ್ಲಗ್ ಬಿಚ್ಚುವುದಕ್ಕೆ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹೊತ್ತಬೇಕು. ಹೊತ್ತದಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರಿಗೇ ಕರೆಂಟಿಲ್ಲ, ಮೇನ್ ಫ್ಯೂಸ್ ಮತ್ತು ರಿಲೇ ನೋಡಿ. ಕೀ ಗುರುತಿನ ದೀಪ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀ ತನ್ನಿ.

ಅದು ಸರಿ ಇದ್ದರೆ ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿಗೊಡಿ. ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ಸದ್ದಿಲ್ಲವಾ? ಫ್ಯೂಸ್ ನೋಡಿ, ಅದೇ ನಂಬರಿನ ಹಾರನ್ ರಿಲೇ ಇದ್ದರೆ ಕಿತ್ತು ಪಂಪಿನ ಜಾಗಕ್ಕೆ ಹಾಕಿ ನೋಡಿ. ಕೆಲವು ಹಳೇ ಫೋರ್ಡ್, ಫಿಯಟ್ ಕಾರುಗಳಲ್ಲಿ ಗುದ್ದಿದರೆ ಪೆಟ್ರೋಲ್ ನಿಲ್ಲಿಸುವ ಸ್ವಿಚ್ ಇರುತ್ತದೆ, ದೊಡ್ಡ ಗುಂಡಿಗೆ ಬಿದ್ದರೂ ಹಾರಬಹುದು, ಅದರ ಬಟನ್ ಒತ್ತಿದರೆ ಸಾಕು. ಪಂಪು ಕೆಲಸ ಮಾಡುತ್ತಿದೆ, ಆದರೂ ಕಿಡಿಯೂ ಇಲ್ಲ, ಇಂಜೆಕ್ಟರೂ ಬಿಡುತ್ತಿಲ್ಲ ಅಂದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ ಕಡೆ ಅನುಮಾನ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುವುದು ಅದರ ಗುಣ. ಇಂಥ ಗಾಡಿಯಲ್ಲಿ ಪ್ಲಗ್ ವೈರ್ ಕಿತ್ತು ಗಾಳಿಯಲ್ಲಿ ಕಿಡಿ ಹಾರಿಸುವ ಆಟ ಬೇಡ, ಕಾಯಿಲ್ಲೋ ಕಂಪ್ಯೂಟರೋ ಸುಡುತ್ತದೆ. ಪ್ಲಗ್ ಹಾಕಿ, ಗಟ್ಟಿಯಾಗಿ ಅರ್ತ್ ಮಾಡಿಯೇ ನೋಡಬೇಕು.

ಹಳೇ ಡೀಸೆಲ್ ಜೀಪ್ ಆದರೆ ಎರಡೇ ಮಾತು: ಚಳಿಗೆ ಹೀಟರ್ ಪ್ಲಗ್, ಉಳಿದದ್ದಕ್ಕೆ ಏರ್ ಲಾಕ್, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ಳುವುದು. ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ ಹೋಗಿ, ನೊರೆ ನಿಂತು ಬರೀ ಡೀಸೆಲ್ ಬರುವಾಗ ಬಿಗಿ ಮಾಡಿ.

ಕರೆಂಟೂ ಇದೆ, ಪೆಟ್ರೋಲೂ ಇದೆ

ಆಗ ಉಳಿಯುವುದು ಟೈಮಿಂಗ್ (ಕಿಡಿ, ವಾಲ್ವ್ ಸರಿಯಾದ ಹೊತ್ತಿಗೆ ಕೆಲಸ ಮಾಡುವುದು) ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ). ಬೆಲ್ಟ್ ಒಂದೆರಡು ಹಲ್ಲು ಜಾರಿರಬಹುದು, ಡಿಸ್ಟ್ರಿಬ್ಯೂಟರ್ ಸಡಿಲವಾಗಿ ತಿರುಗಿರಬಹುದು. ಕಂಪ್ರೆಷನ್ ಗೇಜ್ ಹಾಕಿದಾಗ ಎಲ್ಲ ಸಿಲಿಂಡರಿನಲ್ಲೂ 100 ಪಿಎಸ್‌ಐಗಿಂತ ಕೆಳಗೆ ತೋರಿಸಿದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ಅಣ್ಣಾ, ಗಾಡಿ ಸ್ಟಾರ್ಟ್ ಆಗ್ತಿಲ್ಲ, ಬನ್ನಿ" ಅಂತ ಮಾತ್ರ ಹೇಳಿದರೆ ಅವರು ಬರಿಗೈಯಲ್ಲಿ ಬಂದು, ನೋಡಿ, ಮತ್ತೆ ಸಾಮಾನಿಗೆ ಪೇಟೆಗೆ ಹೋಗಬೇಕು. ಅರ್ಧ ದಿನ ಅದರಲ್ಲೇ ಹೋಯಿತು. ಈ ಸಲ ಮಳೆಗಾಲದಲ್ಲಿ ನಾನು ಹೇಳಿದ್ದು ಹೀಗೆ: "ಕಾಯಿಲ್ಲಲ್ಲಿ ಕಿಡಿ ಇಲ್ಲ, ಪ್ಲಸ್‌ಗೆ ಕರೆಂಟು ಬರ್ತಿದೆ, ಮೈನಸ್‌ನಲ್ಲಿ ಬಲ್ಬು ಮಿಣುಕ್ತಿಲ್ಲ, ರೋಟರ್ ತಿರುಗ್ತಿದೆ." ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಪಾಯಿಂಟ್ ಸೆಟ್ ತಗೊಂಡು ಬರ್ತೀನಿ ಬಿಡಿ, ಕಂಡೆನ್ಸರೂ ಇರಲಿ" ಅಂದರು. ಹನ್ನೊಂದು ಗಂಟೆಗೆ ಬಂದರು, ಹನ್ನೊಂದೂವರೆಗೆ ಗಾಡಿ ಹಿಡಿಯಿತು.